ಖಾಲಿ ಸೈಕಲ್ ಸ್ಟ್ಯಾಂಡಿನ ರೆಕಾರ್ಡ್

“ಏನಕ್ಕಾ, ಡೂಪ್ಲಿಕೇಟ್ ತಗೊಂಡ್ ಬಂದಿದ್ದೀಯಾ?”

ಕಳೆದ ಭಾನುವಾರ ಬೆಳಿಗ್ಗೆ ನನ್ನ ತಮ್ಮ ಮುನಿರಾಜು ಇಡೀ ಬೀದಿಗೆ ಕೇಳುವ ಹಾಗೆ ನನ್ನ ಮಾನ ಹರಾಜು ಹಾಕಿದ. (ಈಚೆಗೆ ಅವನು ಆಡುವ ಮಾತೆಲ್ಲ ಬೀದಿಗೆ ಕೇಳುತ್ತದೆ. ಅದಕ್ಕೆ ಕಾರಣವಿದೆ.)

ನಾನು ತಂದಿದ್ದು ಡೂಪ್ಲಿಕೇಟ್ ಅಲ್ಲ ಕಣ್ರೀ. ಇಂಗ್ಲೆಂಡಿನಲ್ಲಿ ಅಚ್ಚಾದ ಅಸಲಿ ಎಲ್‌ಪಿ ರೆಕಾರ್ಡ್. ಕಂಟೋನ್ಮೆಂಟಿನ ಸಾಹೇಬರೊಬ್ಬರ ಮುಂದೆ ಹಲ್ಲು ಗಿಂಜಿ, ಅವರ ನಾಯಿಯಿಂದಲೂ ಬೊಗಳಿಸಿಕೊಂಡು, “ಅಂಚು ಮಾತ್ರ ಹಿಡೀಬೇಕು, ಬಿಸಿಲಿಗೆ ಇಡಬಾರದು” ಎಂಬ ಉಪದೇಶವನ್ನೆಲ್ಲ ಕೇಳಿ, ಶಿವಾಜಿನಗರದಿಂದ ಪೀಣ್ಯದವರೆಗೆ ಬಸ್ಸಿನಲ್ಲಿ ಹಸುಗೂಸನ್ನು ತರುವ ಹಾಗೆ ಎದೆಗೆ ಒತ್ತಿಕೊಂಡು ತಂದಿದ್ದೆ. ಅಷ್ಟೆಲ್ಲ ಮಾಡಿದ್ದಕ್ಕೆ ಸಿಕ್ಕ ಬಿರುದು ಇದು.

ಮುನಿರಾಜುವಿನ ಕಿವಿ ಹೋಗುತ್ತಿದೆ. ಎಡಗಿವಿ ಆಗಲೇ ಹೋಗಿದೆ. ಬಲಗಿವಿಯಲ್ಲಿ ಒಂದಿಷ್ಟು ಉಳಿದಿದೆ, ಅದೂ ಹೆಚ್ಚು ಕಾಲ ಇರುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅದು ಪೂರ್ತಿ ಮುಚ್ಚುವ ಮೊದಲು ಈ ರೆಕಾರ್ಡನ್ನು ಅವನಿಗೆ ಒಂದು ಸಲ ಕೇಳಿಸಬೇಕು ಎನ್ನುವುದು ನನ್ನ ಹಟ. ಬೇರೆ ಏನನ್ನೂ ನಾನು ಅವನಿಗೆ ಕೊಡಲಾರೆ.

ಹಟ ಹುಟ್ಟಿದ್ದು ಒಂದು ಇಂಗ್ಲಿಷ್ ಮ್ಯಾಗಜಿನ್ನಿಂದ. ಎಂಬತ್ತರ ದಶಕ ಮುಗಿಯುತ್ತಾ ಬಂತಲ್ಲ, ಉಸಿರಿರುವಾಗಲೇ ಅದರ ತಿಥಿ ಮಾಡುವವರು ಸಾಲುಗಟ್ಟಿದ್ದಾರೆ. ದಶಕದ ಸಿನಿಮಾ, ದಶಕದ ಕ್ರಿಕೆಟಿಗ, ದಶಕದ ಸೀರೆ. ನಮ್ಮ ಆಫೀಸಿಗೆ ಬರುವ ಆ ಮ್ಯಾಗಜಿನ್ ದಶಕದ ರಾಕ್ ಆಲ್ಬಮ್ ಎಂದು ಎರಡು ಪುಟ ಬರೆದಿತ್ತು. ಫೋಟೊ ನೋಡಿದ ಕೂಡಲೇ ನನ್ನ ಕೈಯಲ್ಲಿದ್ದ ಟೀ ಮೇಜಿನ ಮೇಲೆ ಚೆಲ್ಲಿತು. ಬೂದು ಬಣ್ಣದ ಕವರ್. ಬೀಗ ಹಾಕಿದ ಯಾವುದೋ ಕಾರ್ಖಾನೆ, ಅದರ ಮುಂದೆ ಒಂದೂ ಸೈಕಲ್ ಇಲ್ಲದ ಸೈಕಲ್ ಸ್ಟ್ಯಾಂಡ್. ಅಯ್ಯೋ, ನಮ್ಮ ‘ಖಾಲಿ ಸ್ಟ್ಯಾಂಡ್’!

ಆ ಆಲ್ಬಮ್ಮಿಗೆ ಇಂಗ್ಲಿಷಿನಲ್ಲಿ ಏನೋ ಉದ್ದದ ಹೆಸರಿದೆ. ನಮ್ಮ ಬೀದಿಯಲ್ಲಿ ಯಾರೂ ಅದನ್ನು ಆ ಹೆಸರಿನಿಂದ ಕರೆದವರಲ್ಲ. ಕವರ್ ನೋಡಿ ಇಟ್ಟ ಹೆಸರೇ ಗಟ್ಟಿಯಾಯಿತು.

ಗಿರಣಿ ಮುಚ್ಚಿದ ಊರಿನ ನಾಲ್ಕು ಜನ ಹುಡುಗರು ಗ್ಯಾರೇಜಿನಲ್ಲಿ ಕೂತು ಮಾಡಿದ್ದಂತೆ. ರೇಡಿಯೊದ ಕುಣಿತದ ಹಾಡುಗಳಿಗೆ ಬೆನ್ನು ತಿರುಗಿಸಿದ ಇಂಥ ರಾಕಿಗೆ ಈಗ ‘ಆಲ್ಟರ್ನೇಟಿವ್’ ಎಂದು ನಾಮಕರಣವಾಗಿದೆ. ಬರೆದ ಮಹಾಶಯ ಕೊನೆಯ ಹಾಡನ್ನು ಬಾಯ್ತುಂಬಾ ಹೊಗಳಿದ್ದ. ಅದರಲ್ಲಿ ಡ್ರಮ್ಮೇ ಇಲ್ಲದಿರುವುದು ದೊಡ್ಡ ಧೈರ್ಯವಂತೆ.

ಡ್ರಮ್ ಇಲ್ಲವೇ? ನನಗೆ ನಗು ಬಂತು. ಆ ಹಾಡಿನ ಡ್ರಮ್ ಇವತ್ತಿಗೂ ನನ್ನ ಎದೆಯಲ್ಲಿ ಬೀಳುತ್ತದೆ. ಈ ಪುಣ್ಯಾತ್ಮ ರೆಕಾರ್ಡ್ ಕೇಳದೆಯೇ ಬರೆದಿದ್ದಾನೆ ಅಂದುಕೊಂಡೆ. (ಪುಸ್ತಕ ಓದದೆ ವಿಮರ್ಶೆ ಬರೆಯುವವರು ನಮ್ಮಲ್ಲಿಲ್ಲವೇ?)

ಸ್ವಲ್ಪ ಹಿಂದಕ್ಕೆ ಹೋಗೋಣ. ನನ್ನ ತವರು ಪೀಣ್ಯದ ಹಳೇ ಊರು. ಇಂಡಸ್ಟ್ರಿಯಲ್ ಎಸ್ಟೇಟ್ ಬಂದಾಗ ನಮ್ಮ ರಾಗಿ ಹೊಲ ಹೋಯಿತು, ಮನೆ ಉಳಿಯಿತು. ಹಿತ್ತಲಿನಲ್ಲಿ ಶೀಟು ಹೊದಿಸಿದ ರೂಮುಗಳನ್ನು ಕಟ್ಟಿ ಕಾರ್ಖಾನೆಯ ಹುಡುಗರಿಗೆ ಬಾಡಿಗೆಗೆ ಕೊಟ್ಟೆವು. ಹೊಲವಿದ್ದ ಜಾಗದಲ್ಲಿ, ನಮ್ಮ ಹಿಂದಿನ ಗೋಡೆಗೆ ಒತ್ತಿಕೊಂಡ ಹಾಗೆ, ಒಂದು ಪ್ರೆಸ್ ಶಾಪ್ ಎದ್ದಿತು. ಕಬ್ಬಿಣದ ತಗಡನ್ನು ಒಂದೇ ಏಟಿಗೆ ಕತ್ತರಿಸಿ ಬೀಳಿಸುವ ರಾಕ್ಷಸ ಯಂತ್ರಗಳಿರುವ ಶೆಡ್ಡು ಅದು. ಟಿವಿ, ಫ್ರಿಜ್ಜಿನ ಪಕ್ಕ ಸ್ಟೆಬಿಲೈಜರ್ ಇರುತ್ತದಲ್ಲ, ಅದರ ಹೊಟ್ಟೆಯೊಳಗೆ ಕೂರುವ ತಗಡು ಅಲ್ಲಿ ತಯಾರಾಗುತ್ತಿತ್ತು. ಮುನಿರಾಜು ಎಸ್ಸೆಸ್ಸೆಲ್ಸಿ ಮುಗಿಸಿ ಅಲ್ಲೇ ಸೇರಿದ. “ನಮ್ಮೊಲಕ್ಕೆ ನಾವೇ ಕೂಲಿಗೋದಂಗಾಯ್ತು” ಎಂದಿದ್ದಳು ಅವ್ವ.

ತಮಾಷೆ ಏನು ಗೊತ್ತೇ? ಊರಿನವರ ವೋಲ್ಟೇಜ್ ನೆಟ್ಟಗೆ ಮಾಡುವ ತಗಡು ನಮ್ಮ ಗೋಡೆಯ ಆಚೆ ತಯಾರಾಗುತ್ತಿತ್ತು. ನಮ್ಮ ವೋಲ್ಟೇಜನ್ನು ಅದೇ ಶೆಡ್ಡು ನುಂಗುತ್ತಿತ್ತು! ಪ್ರೆಸ್ಸುಗಳು ಓಡುವಾಗ ನಮ್ಮ ಬಲ್ಬು ಬೀಡಿಯ ತುದಿಯ ಹಾಗೆ ಕೆಂಪಗೆ. ಸಂಜೆ ಶಿಫ್ಟಿನವರು ಊಟಕ್ಕೆ ಬಿಟ್ಟಾಗ ಮಾತ್ರ ಬೀದಿಗೆ ಬೆಳಕು. ಅಷ್ಟರಲ್ಲೇ ಹೆಂಗಸರು ಇಸ್ತ್ರಿ ಮಾಡಬೇಕು, ಚಟ್ನಿ ರುಬ್ಬಬೇಕು, ಮಕ್ಕಳನ್ನು ಓದಲು ಕೂರಿಸಬೇಕು. ಊಟದ ಸೈರನ್ ಕೂಗಿದ್ದೇ ತಡ, ಇಡೀ ಬೀದಿಯ ಮಿಕ್ಸಿಗಳು ಒಟ್ಟಿಗೆ ಕಿರುಚುತ್ತಿದ್ದವು. ಸ್ಟೆಬಿಲೈಜರ್ ಯಾರ ಮನೆಯಲ್ಲೂ ಇರಲಿಲ್ಲ. ಅದನ್ನು ಮಾಡುವವರ ಬೀದಿಯಲ್ಲಿ ಅದನ್ನು ಕೊಳ್ಳುವವರು ಎಲ್ಲಿ ಇರುತ್ತಾರೆ?

ಹಿತ್ತಲಿನ ರೂಮಿನಲ್ಲಿ ಬಾಡಿಗೆಗಿದ್ದವನು ಸೆಲ್ವ. ಮುನಿರಾಜುವಿನ ಜೊತೆ ಅದೇ ಶಾಪಿನಲ್ಲಿ ಕೆಲಸ, ಬಿಡುವಿನಲ್ಲಿ ಡ್ರಮ್ ಬಾರಿಸುತ್ತಿದ್ದ. ಹಡಗಿನಲ್ಲಿ ಕೆಲಸಕ್ಕಿದ್ದ ಅವನ ಚಿಕ್ಕಪ್ಪ ರಜೆಗೆ ಬಂದಾಗ ಈ ರೆಕಾರ್ಡ್ ತಂದಿದ್ದರು. ಕೊಟ್ಟಿದ್ದು ಒಂದೇ ಸಂಜೆಗೆ, ಬೆಳಿಗ್ಗೆ ವಾಪಸ್ಸು.

“ಮಚ್ಚಾ, ಕ್ಯಾಸೆಟ್‌ಗೆ ಇಳಿಸ್ಕೊಂಡ್ಬಿಡಾಣ” ಎಂದ ಸೆಲ್ವ.

ಇಳಿಸಿಕೊಂಡರು. ಸಂಡೇ ಬಜಾರಿನ ಹಳೇ ರೆಕಾರ್ಡ್ ಪ್ಲೇಯರ್ ಗೋಡೆಯ ಪ್ಲಗ್ಗಿಗೆ. ಟೇಪ್‌ರೆಕಾರ್ಡರ್ ಮಾತ್ರ ಹೊಸ ಸೆಲ್ಲುಗಳ ಮೇಲೆ. ಮಧ್ಯದಲ್ಲಿ ಕರೆಂಟ್ ಕೈಕೊಟ್ಟರೆ ರೆಕಾರ್ಡಿಂಗ್ ಕೆಡಬಾರದಲ್ಲ! (ಕರೆಂಟ್ ಹೋದರೆ ಪ್ಲೇಯರೂ ನಿಲ್ಲುತ್ತದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ.) ಎರಡನ್ನೂ ಜೋಡಿಸುವ ವೈರ್ ಇರಲಿಲ್ಲ. ಸೆಲ್ವ ಗೋಡೆಗೆ ಒರಗಿ, ಸ್ಪೀಕರ್ ಮುಂದೆ ಮೈಕ್ ಹಿಡಿದು, ಉಸಿರು ಬಿಗಿಹಿಡಿದು ಕೂತ. ಯಾರೂ ಒಳಗೆ ಬರದ ಹಾಗೆ ನಾನು ಬಾಗಿಲಿಗೆ ಅಡ್ಡ ನಿಂತೆ. ಕೆಮ್ಮಬೇಡ ಅಂತ ಅವ್ವನಿಗೆ ಕೈಮುಗಿದೆವು. ಆದರೂ ಒಂದು ಕಡೆ ಕೆಮ್ಮಿದಳು. ಎರಡನೇ ಹಾಡಿನಲ್ಲಿ ಗಿಟಾರ್ ಮುಗಿದ ಕೂಡಲೇ ಅವ್ವನ ಕೆಮ್ಮು ಇದೆ. ಮುಂದೆ ಕ್ಯಾಸೆಟ್ ಹಾಕಿದಾಗಲೆಲ್ಲ ಅಲ್ಲಿಗೆ ಬಂದ ಕೂಡಲೇ ಎಲ್ಲರೂ ಸೇರಿ ಕೆಮ್ಮುತ್ತಿದ್ದೆವು.

ಆ ಕ್ಯಾಸೆಟ್ ನಮ್ಮ ಹುಡುಗರಿಗೆ ಏನಾಗಿತ್ತು ಅಂತ ಹೇಗೆ ಹೇಳಲಿ? ಹಾಡಿನ ಇಂಗ್ಲಿಷು ಅರ್ಧ ಅರ್ಥವಾಗುತ್ತಿರಲಿಲ್ಲ. ಅರ್ಥವಾದ ಅರ್ಧವೇ ಸಾಕಾಗಿತ್ತು. ನಿಧಾನವಾದ, ಭಾರವಾದ ಹಾಡುಗಳು. ಹಾಡುವವನದು ತಗ್ಗಿದ ದನಿ, ಶಿಫ್ಟ್ ಮುಗಿಸಿ ಬಂದವನು ಚಪ್ಪಲಿ ಬಿಡುತ್ತಾ ಮಾತಾಡಿದ ಹಾಗೆ. ಎಂ.ಜಿ. ರೋಡಿನ ಕಾಲೇಜು ಹುಡುಗರಿಗೆ ರಾಕ್ ಅಂದರೆ ಉದ್ದ ಕೂದಲು, ಹರಿದ ಜೀನ್ಸು. ನಮ್ಮವರ ಪ್ಯಾಂಟು ಹರಿದಿದ್ದು ಫ್ಯಾಷನ್ನಿಗಲ್ಲ. ಕೈಗೆ ಗ್ರೀಸ್ ಮೆತ್ತಿಕೊಂಡವರೂ ಹಾಡು ಕಟ್ಟಬಹುದು, ಅದು ರೆಕಾರ್ಡ್ ಆಗಿ ಸಮುದ್ರ ದಾಟಬಹುದು ಎನ್ನುವುದೇ ಅವರಿಗೆ ದೊಡ್ಡ ಸುದ್ದಿ.

ಕೊನೆಯ ಹಾಡಂತೂ ಪ್ರಾಣ. ಒಬ್ಬ ಕೆಲಸಗಾರ ಬೆಳಿಗ್ಗೆ ಸೈಕಲ್ ತುಳಿದುಕೊಂಡು ಕಾರ್ಖಾನೆಗೆ ಬರುತ್ತಾನೆ. ದಾರಿಯುದ್ದಕ್ಕೂ ಏನೇನೋ ನೆನೆಯುತ್ತಾನೆ. ಬಂದು ನೋಡಿದರೆ ಸ್ಟ್ಯಾಂಡಿನಲ್ಲಿ ಒಂದೂ ಸೈಕಲ್ ಇಲ್ಲ. ಅಷ್ಟೇ ಕಥೆ. ಅದರ ಅಡಿಯಲ್ಲಿ ಡ್ರಮ್. ಧಡ್. ಧಡ್. ಬೀಳಬೇಕಾದ ಕಡೆ ಬೀಳದೆ, ಒಂದು ಕ್ಷಣ ತಡೆದು ಬೀಳುವ ಏಟು. ಅದನ್ನು ಕಲಿಯಲು ಸೆಲ್ವ ತಿಂಗಳುಗಟ್ಟಲೆ ಒದ್ದಾಡಿದ. “ಆ ಡ್ರಮ್ಮರ್ ಯಾರೋ ದೇವ್ರು ಕಣೋ ಮಚ್ಚಾ. ತಾಳಾನೇ ಕೇರ್ ಮಾಡಲ್ಲ ಅವ್ನು” ಎನ್ನುತ್ತಿದ್ದ.

ಒಂದು ರಾಜ್ಯೋತ್ಸವದ ಪೆಂಡಾಲಿನಲ್ಲಿ, ಸಿನಿಮಾ ಹಾಡುಗಳ ನಡುವೆ, ನಮ್ಮ ಹುಡುಗರು ಅದನ್ನು ನುಡಿಸಿಬಿಟ್ಟರು. ಮುನಿರಾಜು ತಾನೇ ಕನ್ನಡದ ಮಾತು ಕೂಡಿಸಿ ಹಾಡಿದ. ಶಿಫ್ಟ್ ಬಿಟ್ಟು ಬಂದ ಜನ ತುಂಬಿದ್ದರು. ಒಬ್ಬರೂ ಶಿಳ್ಳೆ ಹಾಕಲಿಲ್ಲ, ಎದ್ದೂ ಹೋಗಲಿಲ್ಲ. ಮುಗಿದ ಮೇಲೆ ಹಿಂದಿನಿಂದ ಯಾರೋ, “ಇನ್ನೊಂದ್ಸಲ ಹಾಡಣ್ಣ” ಎಂದರು. ನನ್ನ ತಮ್ಮ ಆ ರಾತ್ರಿಯಷ್ಟು ಚೆಂದ ಹಿಂದೆಂದೂ ಕಂಡಿರಲಿಲ್ಲ, ಮುಂದೆಯೂ ಕಾಣಲಿಲ್ಲ.

ಅಲ್ಲಿಗೆ ಬಂದಿದ್ದ ಒಬ್ಬ ಕಾಲೇಜು ಹುಡುಗ ಮಾತ್ರ ಮೂಗು ಮುರಿದ. “ಗುರು, ಒರಿಜಿನಲ್ ಇಷ್ಟು ಸ್ಲೋ ಇಲ್ಲ. ಹೆಣ ಎತ್ತೋರ ಥರ ಯಾಕ್ ಹಾಡ್ತೀರಾ?”

“ಒರಿಜಿನಲ್ ನಮ್ಮನೇಲಿದೆ. ಬಂದು ಕೇಳ್ಕೊಂಡ್ ಹೋಗು” ಎಂದ ಮುನಿರಾಜು.

ಆಮೇಲಿನದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ನಿಧಾನವಾಗಿ ಹೇಳಲು ನನ್ನಿಂದ ಆಗುವುದಿಲ್ಲ.

ಪ್ರೆಸ್ ಮುಂದೆ ನಿಲ್ಲುವವರ ಕಿವಿಗೆ ಹತ್ತಿ. ಅದೂ ಮಷೀನ್ ಒರೆಸುವ ಹತ್ತಿಯಿಂದ ಕಿತ್ತ ಒಂದು ಚೂರು. ಮೊದಲು ಮುನಿರಾಜುವಿಗೆ ಸೈಕಲ್ ಬೆಲ್ ಕೇಳಿಸದಾಯಿತು. ಆಮೇಲೆ ಕುಕ್ಕರಿನ ವಿಷಲ್. ಆಮೇಲೆ ಹೆಂಗಸರ ಮಾತು. ಕರೆದರೆ ತಿರುಗುತ್ತಿರಲಿಲ್ಲ. ಜಂಬ ಬಂದಿದೆ ಎಂದರು ನೆಂಟರು. ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಎಲ್ಲ ಆಗಿಹೋಗಿತ್ತು. ಸಣ್ಣ, ಕೀರಲು ಸದ್ದುಗಳು ಮೊದಲು ಹೋಗುತ್ತವೆ, ದಪ್ಪ ಸದ್ದುಗಳು ಕೊನೆಗೆ, ಮೊದಲೇ ಬರಬೇಕಾಗಿತ್ತು ಎಂದರು ಅವರು. (ಈ ಕೊನೆಯ ಮಾತನ್ನು ಡಾಕ್ಟರುಗಳಿಗೆ ಕಾಲೇಜಿನಲ್ಲೇ ಬಾಯಿಪಾಠ ಮಾಡಿಸುತ್ತಾರೇನೋ.)

ಅಷ್ಟರಲ್ಲಿ ಯಜಮಾನರು ಪ್ರೆಸ್ ಶಾಪನ್ನೇ ಹೊಸೂರಿಗೆ ಎತ್ತಿಕೊಂಡು ಹೋದರು. ಅಲ್ಲಿ ಜಾಗ ಅಗ್ಗವಂತೆ, ರಿಯಾಯಿತಿ ಜಾಸ್ತಿಯಂತೆ. ಬರುವವರು ಬರಬಹುದು ಎಂದರು. ಸೆಲ್ವ ಹೋದ, ಚಂದಾಪುರದಲ್ಲಿ ರೂಮು ಮಾಡಿಕೊಂಡ. ಮುನಿರಾಜುವೂ ಹೊರಟು ನಿಂತಿದ್ದ. ಅವನೊಬ್ಬ ಮಾತ್ರ ಬೇಡವೆಂದರು. ಯಾಕೆ ಅಂತ ಕೇಳಲು ನಾನೇ ಹೋದೆ.

“ಕಿವಿ ಕೇಳಿಸ್ದೇ ಇರೋರನ್ನ ಪ್ರೆಸ್ ಮುಂದೆ ನಿಲ್ಸೋದು ಡೇಂಜರ್ ಕಣಮ್ಮ. ಸೇಫ್ಟಿ ನೋಡ್ಬೇಕಲ್ವಾ?” ಎಂದರು ಯಜಮಾನರು.

ಸೇಫ್ಟಿ! ಆಗ ನನಗೆ ಬಂದ ಸಿಟ್ಟನ್ನು ಈ ಅಂಕಣದಲ್ಲಿ ಬರೆದರೆ ಸಂಪಾದಕರು ಕತ್ತರಿ ಹಿಡಿದುಕೊಂಡು ಬರುತ್ತಾರೆ. ಕಿವಿಯನ್ನು ತಿಂದವರೇ ಕಿವಿ ಇಲ್ಲ ಎಂದು ಹೊರಗೆ ಕಳಿಸಿದರು. ಅದಕ್ಕೆ ಯಾವ ಕೋರ್ಟು, ಯಾವ ಯೂನಿಯನ್ನು? ಎಲ್ಲ ಕಡೆ ಸುತ್ತಿ ಬಂದೆ. ಎಲ್ಲರೂ ಕೂರಿಸಿ ಟೀ ಕೊಟ್ಟರು.

ಮನೆಯಲ್ಲಿ ಕೂತ ಮುನಿರಾಜುವಿಗೆ ಉಳಿದಿದ್ದು ಆ ಕ್ಯಾಸೆಟ್ ಒಂದೇ. ಟೇಪ್‌ರೆಕಾರ್ಡರನ್ನು ಎದೆಗೆ ಒತ್ತಿಕೊಂಡು ಕೇಳುತ್ತಿದ್ದ. ಬೇರೆ ಯಾವ ಹಾಡು ಹಾಕಿದರೂ ಏನೋ ಗುಂಯ್‌ಗುಡುತ್ತದೆ ಎನ್ನುತ್ತಿದ್ದ, ಇದೊಂದು ಮಾತ್ರ ಕೇಳಿಸುತ್ತಿತ್ತು. ತೇಯ್ದ ಟೇಪು ಎಷ್ಟು ದಿನ ತಡೆದೀತು? ಹೋದ ಮಳೆಗಾಲದಲ್ಲಿ ಮಷೀನು ಅದನ್ನು ಅಗಿದು ಹಾಕಿತು. ಗೋಜಲಾದ ಟೇಪನ್ನು ಮಡಿಲಿನಲ್ಲಿಟ್ಟುಕೊಂಡು ಪೆನ್ಸಿಲ್ ಹಾಕಿ ಸುತ್ತಿದ, ಬಿಚ್ಚಿ ಮತ್ತೆ ಸುತ್ತಿದ. ಆಗಲಿಲ್ಲ. ಅವತ್ತಿನಿಂದ ಅವನ ಮಾತೂ ಕಡಿಮೆಯಾಯಿತು. ಅದಕ್ಕೇ ನಾನು ಮ್ಯಾಗಜಿನ್ ನೋಡಿದ್ದೇ ತಡ, ಬೆಂಗಳೂರೆಲ್ಲ ಹುಡುಕಿ ಆ ಸಾಹೇಬರ ಬಾಗಿಲು ತಟ್ಟಿದ್ದು.

ಈಗ ಭಾನುವಾರಕ್ಕೆ ಬರೋಣ. ಅಟ್ಟದಿಂದ ಅದೇ ಹಳೇ ಪ್ಲೇಯರ್ ಇಳಿಸಿ, ಧೂಳು ಒರೆಸಿ, ಕೊನೆಯ ಹಾಡಿಗೇ ಮುಳ್ಳು ಇಟ್ಟೆ. ಮುನಿರಾಜು ಬಲಗಿವಿಯನ್ನು ಸ್ಪೀಕರಿಗೆ ಒತ್ತಿ, ಅಂಗೈಯನ್ನು ಪೆಟ್ಟಿಗೆಯ ಮೇಲಿಟ್ಟು, ಕಣ್ಣು ಮುಚ್ಚಿದ. ನಾನು ಅವನ ಮುಖವನ್ನೇ ನೋಡುತ್ತಾ ಕೂತೆ.

“ಹಾಕಕ್ಕಾ” ಎಂದ.

“ಹಾಕಿದ್ದೀನಿ ಕಣೋ!” ಎಂದು ಕಿರುಚಿದೆ.

“ಡ್ರಮ್ ಎಲ್ಲಿ?”

ಡೂಪ್ಲಿಕೇಟ್ ಎಂದು ಅವನು ಬೈದದ್ದು ಆಗಲೇ. ನನಗೂ ಗಾಬರಿಯಾಯಿತು. ತೆಳ್ಳಗಿನ ಗಿಟಾರು, ಬಸ್ಸು ತಪ್ಪಿಹೋಗುತ್ತದೆ ಎನ್ನುವವನ ಹಾಗೆ ಅವಸರದಲ್ಲಿ ಹಾಡುವ ಒಂದು ಸಣ್ಣ ದನಿ. ಮಾತು ಅದೇ, ರಾಗ ಅದೇ. ಆದರೆ ನಮ್ಮ ಹಾಡು ಅಲ್ಲವೇ ಅಲ್ಲ. ಡ್ರಮ್ ಎಲ್ಲೂ ಇಲ್ಲ. ಮ್ಯಾಗಜಿನ್ನಿನವನು ಬರೆದದ್ದು ಸರಿಯಾಗಿಯೇ ಇತ್ತು.

ಮೂಲೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಅವ್ವ ತಲೆ ಎತ್ತದೆ ಹೇಳಿದಳು: “ಯಾಕಂಗಾಡ್ತೀರಾ? ಆವತ್ತು ಪ್ರೆಸ್ಸು ಓಡ್ತಿತ್ತಲ್ಲ. ಲೈಟು ಸತ್ತಂಗಿತ್ತು. ಆ ತಟ್ಟೆನೂ ಅಂಗೇ ತೂಕಡಿಸ್ಕೊಂಡು ತಿರುಗ್ತಿತ್ತು.”

ಪ್ಲೇಯರ್ ತೂಕಡಿಸಿತ್ತು. ಹೊಸ ಸೆಲ್ಲಿನ ಮೇಲೆ ನೆಟ್ಟಗೆ ಓಡುತ್ತಿದ್ದ ಟೇಪು ಆ ತೂಕಡಿಕೆಯನ್ನು ಹಾಗೇ ಹಿಡಿದಿಟ್ಟುಕೊಂಡಿತ್ತು. ಆ ನಿಧಾನ, ಆ ಭಾರ, ಆ ತಗ್ಗಿದ ದನಿ ಯಾವುದೂ ಇಂಗ್ಲೆಂಡಿನದಲ್ಲ. ಎಲ್ಲ ನಮ್ಮ ಪೀಣ್ಯದ ವೋಲ್ಟೇಜು.

ಮತ್ತೆ ಡ್ರಮ್? ಸೆಲ್ವ ಗೋಡೆಗೆ ಒರಗಿ ಮೈಕ್ ಹಿಡಿದಿದ್ದು ನೆನಪಾಯಿತು. ಧಡ್. ಧಡ್. ಆ ಗೋಡೆಯ ಆಚೆಗೇ ಪ್ರೆಸ್ಸು. ಬೇರೆ ಹಾಡುಗಳಲ್ಲಿ ಅವರದೇ ಡ್ರಮ್ಮಿನ ಅಡಿ ಅದು ಮುಚ್ಚಿಹೋಗಿತ್ತು. ಕೊನೆಯ ಹಾಡಿನಲ್ಲಿ ಮುಚ್ಚುವವರು ಯಾರೂ ಇರಲಿಲ್ಲ. ಇಷ್ಟು ವರ್ಷ ನಮಗೆ ಹೇಗೆ ಗೊತ್ತಾಗಲಿಲ್ಲ ಅಂತ ಕೇಳುತ್ತೀರಾ? ಹಗಲೂ ರಾತ್ರಿ ಗೋಡೆಯಲ್ಲಿರುವ ಸದ್ದು ಯಾರಿಗೆ ಕೇಳಿಸುತ್ತದೆ? ಕ್ಯಾಸೆಟ್ಟಿನಿಂದ ಬಂದಾಗ ನಾವು ಅದಕ್ಕೆ ಡ್ರಮ್ ಎಂದೆವು, ದೇವರು ಎಂದೆವು.

ಮುನಿರಾಜುವಿಗೆ ಹೇಳಬೇಕೋ ಬೇಡವೋ? ಹೇಳಿದೆ. ಕಿವಿಯಲ್ಲಿ ಕೂಗಿ, ಹಿಂದಿನ ಗೋಡೆಯನ್ನು ಗುದ್ದಿ ತೋರಿಸಿ ಹೇಳಿದೆ. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. “ಅಯ್ಯೋ ಸೆಲ್ವ! ಪಾಪ, ಪ್ರೆಸ್ ಪಕ್ಕದಲ್ಲೇ ನಿಂತ್ಕೊಂಡು ಆ ಏಟು ಎಲ್ಲೆಲ್ಲೋ ಹುಡುಕ್ತಿದ್ನಲ್ಲ!” ಅವ್ವ ನಕ್ಕಳು, ನಾನೂ ನಕ್ಕೆ. ಎಷ್ಟು ತಿಂಗಳಾಗಿತ್ತೋ ಆ ಮನೆಯಲ್ಲಿ ನಗು ಕೇಳಿ.

ಅವನ ನಗು ತಟ್ಟನೆ ನಿಂತಿತು. “ನನ್ ಕಿವಿ ತಿಂದಿದ್ದನ್ನೇ ನಾನು ಹಾಡು ಅಂದ್ಕೊಂಡಿದ್ನಲ್ಲಕ್ಕಾ” ಎಂದ. ಈ ಮಾತನ್ನು ಮಾತ್ರ ಮೆಲ್ಲಗೆ ಹೇಳಿದ.

ನಾನು ಎದ್ದು ಹೋಗಿ ರೆಕಾರ್ಡಿನ ಮೇಲಿಂದ ಮುಳ್ಳು ಎತ್ತಿಟ್ಟೆ.

(ವೋಲ್ಟೇಜ್ ಇಳಿಸುವ ಉಪಾಯವನ್ನು ದಯವಿಟ್ಟು ಯಾರೂ ಬರೆದು ಕಳಿಸಬೇಡಿ. ನಮ್ಮ ರೇಡಿಯೊ ರಿಪೇರಿಯವರು ಆಗಲೇ ಹೇಳಿದ್ದಾರೆ, ಅದೇನು ಮಹಾ ಕಷ್ಟವಲ್ಲವಂತೆ. ಮುನಿರಾಜುವಿಗೆ ಹೇಳಿದೆ. “ಪ್ರೆಸ್ ಎಲ್ಲಿಂದ ತರ್ತೀಯಾ?” ಎಂದು ಕೇಳಿದ.)

ಆ ಮ್ಯಾಗಜಿನ್ನಿನ ಲೇಖನವನ್ನು ಮತ್ತೊಮ್ಮೆ ಓದಿದೆ. ಆ ಆಲ್ಬಮ್ಮಿನ ಹತಾಶೆ ಬಹಳ ಸುಂದರವಾಗಿದೆಯಂತೆ. ಇರಬಹುದು. ಒಳ್ಳೆಯ ಕವರ್ ಹಾಕಿ ಅಚ್ಚು ಹಾಕಿಸಿದರೆ ಹತಾಶೆಯೂ ದಶಕದ ಹತಾಶೆ ಆಗುತ್ತದೆ. ಅದನ್ನು ಕೂತು ಕೇಳಲು ಸಾಹೇಬರುಗಳಿದ್ದಾರೆ, ಹೊಗಳಲು ವಿಮರ್ಶಕರಿದ್ದಾರೆ. ನಮ್ಮ ಬೀದಿಯ ಹತಾಶೆಯ ಒಂದೇ ಒಂದು ಕಾಪಿ ಇತ್ತು. ಅದನ್ನು ಮಷೀನು ಅಗಿಯಿತು. ಇಂಗ್ಲೆಂಡಿನ ಹುಡುಗರ ಮೇಲೆ ನನಗೇನೂ ಸಿಟ್ಟಿಲ್ಲ, ಅವರ ಗಿರಣಿಯೂ ಮುಚ್ಚಿತ್ತು. ಆದರೂ ಸಮಾಧಾನ ಬರುವುದಿಲ್ಲ. ಎಲ್ಲ ಒಂದಲ್ಲ ಒಂದು ದಿನ ಸರಿಹೋಗುತ್ತದೆ ಎಂದು ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಈ ವಾರ ಬರೆಯಲಾರೆ.

ಸೋಮವಾರ ರಾಜಾಜಿನಗರದ ನಮ್ಮ ಮನೆಗೆ ಹೋಗದೆ ತವರಿನಲ್ಲೇ ಉಳಿದೆ. ಆಗುವುದಿಲ್ಲ ಅಂತ ಗೊತ್ತಿದ್ದರೂ ಸಂಜೆ ಶಿಫ್ಟಿನ ಹೊತ್ತಿಗೆ ಬಲ್ಬು ನೋಡುತ್ತಾ ಕೂತೆ. ಸುತ್ತಮುತ್ತ ಇನ್ನೂ ಬೇಕಾದಷ್ಟು ಶೆಡ್ಡುಗಳಿವೆಯಲ್ಲ, ಸ್ವಲ್ಪವಾದರೂ ಕೆಂಪಗಾದೀತು ಎಂಬ ಆಸೆ. ಬಲ್ಬು ಹಾಲಿನ ಹಾಗೆ ಉರಿಯುತ್ತಿತ್ತು. ಪ್ರೆಸ್ ಶಾಪ್ ಹೋದ ಮೇಲೆ ಬೀದಿಗೆ ಫುಲ್ ವೋಲ್ಟೇಜ್ ಎಂದು ಪಕ್ಕದ ಮನೆಯವರು ಖುಷಿಯಾಗಿ ಹೇಳಿದರು.

“ಇರ್ಲಿ, ಹಾಕಕ್ಕಾ” ಎಂದ ಮುನಿರಾಜು. ಹಾಕಿದೆ.

ಈ ಸಲ ಅವನು ಸ್ಪೀಕರಿಗೆ ಕಿವಿ ಕೊಡಲಿಲ್ಲ. ಹಿಂದಿನ ಗೋಡೆಗೆ ಮುಖ ಮಾಡಿ ಕೂತು ಮುಷ್ಟಿಯಿಂದ ಗುದ್ದತೊಡಗಿದ. ಧಡ್. ಧಡ್. ಬೀಳಬೇಕಾದ ಕಡೆ ಬೀಳದೆ, ಒಂದು ಕ್ಷಣ ತಡೆದು ಬೀಳುವ ಅದೇ ಏಟು. ಅದರ ಮೇಲೆ ಹಾಡತೊಡಗಿದ, ರಾಜ್ಯೋತ್ಸವದಲ್ಲಿ ಹಾಡಿದ ಕನ್ನಡದ ಮಾತುಗಳನ್ನೇ. ಅದೇ ನಿಧಾನ, ಅದೇ ತಗ್ಗಿದ ದನಿ. ರೆಕಾರ್ಡಿನವನು ತನ್ನ ಅವಸರದಲ್ಲಿ ಮುಂದೆ ಮುಂದೆ ಓಡಿಹೋದ. ಅವನ ಹಾಡು ಮುಗಿಯಿತು. ಮುಳ್ಳು ಕೊನೆಯ ಗೆರೆಯಲ್ಲಿ ಕರಕರ ಎನ್ನುತ್ತಾ ಸುತ್ತುತ್ತಿತ್ತು. ಮುನಿರಾಜುವಿನ ಹಾಡಿನಲ್ಲಿ ಆ ಕೆಲಸಗಾರ ಇನ್ನೂ ದಾರಿಯಲ್ಲೇ ಇದ್ದ, ಸೈಕಲ್ ತುಳಿಯುತ್ತಿದ್ದ. ಅವ್ವ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ.

ರೆಕಾರ್ಡ್ ಯಾವಾಗಲೋ ಮುಗಿದಿದೆ ಎಂದು ಅವನಿಗೆ ನಮ್ಮಲ್ಲಿ ಯಾರು ಹೇಳಬೇಕು?